ದಾನವೋ, ಕ್ರಯವೋ?

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ವಿಜ್ಞಾನವನ್ನೂ ನಾಳಿನ ಮಾನವನನ್ನೂ ಕುರಿತು ನಡೆದ ಚರ್ಚೆಯನ್ನು ವಾಚಕರಲ್ಲಿ ಹಲವರು ಕೇಳಿರುವಿರಿ. ಮನುಷ್ಯನ ಬೀಜವನ್ನೇ ತಿದ್ದುವ ಕಾಲ ಬಂದಿತಲ್ಲಾ ಎಂದು ಒಬ್ಬರು ಭಯಪಟ್ಟರು. ಬಂದರೆ ಬರಲಿ, ಕೆಲವು ರೋಗಗಳಾದರೂ ನಶಿಸುವುವೆಂದು ಮತ್ತೊಬ್ಬರು ಸಂತೋಷಪಟ್ಟರು. ಕೊನೆಗೆ ಎದ್ದು ನಿಂತ ಮಿತ್ರರೊಬ್ಬರು, ಓದಿದವರು, ಊರಿಗೆ ಬೇಕಾದವರು, ಕಾರ್ಖಾನೆಯೊಂದರಲ್ಲಿ ದೊಡ್ಡ ಕೆಲಸದಲ್ಲಿರುವವರು, ಎಲ್ಲ ವಾದವನ್ನೂ ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟರು: "ಕೊಡುವವಳಿಗೆ ಹಣ ಬೇಕು, ಪಡೆಯುವವಳಿಗೆ ಮಗು ಬೇಕು. ನಡುವೆ ಡಾಕ್ಟರು ಇದ್ದಾರೆ, ಸಮ್ಮತಿಪತ್ರ ಇದೆ. ಇದರಲ್ಲಿ ಮೂರನೆಯವರಾದ ನಮಗೇನು ಕೆಲಸ?" ಸಭೆ ಚಪ್ಪಾಳೆ ತಟ್ಟಿತು. ಹೊತ್ತು ಮೀರಿತ್ತು, ಡೆಂಕಣಿಕೋಟೆಯ ಕಡೆಯ ಬಸ್ಸು ಹಿಡಿಯಬೇಕಾದವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ನಾನೂ ಎದ್ದೆ. ಅಂದು ನುಡಿಯದೆ ಉಳಿದುದನ್ನು ಈಗ ಬರೆಯುತ್ತಿದ್ದೇನೆ. ಮಿತ್ರರು ಕೋಪಿಸಬಾರದು, ಕೋಪಿಸಿದರೂ ಉತ್ತರವನ್ನು ಇದೇ ಪತ್ರಿಕೆಗೆ ಬರೆದು ಕಳುಹಬೇಕು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ವಿಜ್ಞಾನದ ವೈರಿಯಲ್ಲ. ಮಕ್ಕಳಿಲ್ಲದ ಹೆಣ್ಣನ್ನು ನಮ್ಮ ಹಳ್ಳಿಗಳು ಎಂತಹ ನಾಲಗೆಯಿಂದ ಕರೆಯುತ್ತವೆ, ಸೀಮಂತದ ಮನೆಯಲ್ಲಿ ಆಕೆಯ ಕೈಯ ಆರತಿಯನ್ನು ಹೇಗೆ ತಪ್ಪಿಸುತ್ತವೆ ಎಂಬುದನ್ನು ಕಂಡವರಾರೂ ಆಕೆಗೆ ಮಗು ಕೊಡುವ ವಿದ್ಯೆಯನ್ನು ಹಳಿಯಲಾರರು. ೧೯೭೮ನೆಯ ಇಸವಿ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಲೂಯಿ ಬ್ರೌನ್ ಎಂಬ ಮೊದಲ ಪ್ರನಾಳ ಶಿಶು ಹುಟ್ಟಿದ ಎಪ್ಪತ್ತನೆಯ ದಿನಕ್ಕೆ, ಅಕ್ಟೋಬರ್ ೩ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ 'ದುರ್ಗಾ' ಎಂದು ಹೆಸರಾದ ಹೆಣ್ಣುಮಗು ಹುಟ್ಟಿತು. ಅವರಿಗೆ ದೊರೆತ ಸನ್ಮಾನವೇನು? ಸರಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ವೈದ್ಯದ ಸಂಸ್ಥೆಗೆ ವರ್ಗಮಾಡಿದರು. ೧೯೮೧ರ ಜೂನಿನಲ್ಲಿ ಅವರು ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡರು. ವಿದ್ಯೆಯನ್ನು ಅಜ್ಞಾನ ಹೇಗೆ ಕೊಲ್ಲುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಇಂತಹ ನಿದರ್ಶನ ಇರುವಾಗ, ಪ್ರಯೋಗಶಾಲೆಗೆ ಬೀಗ ಹಾಕಿರೆಂದು ಕೂಗುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ನನ್ನ ಜಗಳ ಆ ಮಿತ್ರರ ಒಂದು ಪದದೊಡನೆ. ಸಮ್ಮತಿ ಎಂಬ ಪದ.

ನಮ್ಮ ಸೀಮೆಗೇ ಬರೋಣ. ೨೦೨೨ನೆಯ ಇಸವಿ ಜೂನ್ ಮೊದಲ ವಾರದಲ್ಲಿ ಈರೋಡಿನಲ್ಲಿ ಮೂವರನ್ನು ಪೊಲೀಸರು ಹಿಡಿದರು: ಒಬ್ಬಳು ತಾಯಿ, ಒಬ್ಬ ಆ ತಾಯಿಯ ಸಂಗಾತಿ, ಮತ್ತೊಬ್ಬಳು ದಲ್ಲಾಳಿ. ಅಪರಾಧವೇನೆಂದರೆ, ಹದಿನಾರು ವರ್ಷದ ಮಗಳ ಅಂಡಾಣುಗಳನ್ನು ಆಸ್ಪತ್ರೆಗಳಿಗೆ ಮಾರಿದ್ದು. ಅದು ಒಂದು ಸಲದ ಮಾತಲ್ಲ. ೨೦೧೭ರಿಂದ, ಎಂದರೆ ಹುಡುಗಿ ಇನ್ನೂ ಸರಿಯಾಗಿ ದೊಡ್ಡವಳಾಗದ ದಿನಗಳಿಂದ, ಎಂಟು ಸಲ ಹೀಗೆ ನಡೆಯಿತೆಂದು ಅಂದಿನ ವರದಿಗಳು ಹೇಳಿದುವು. ಒಂದು ಸಲಕ್ಕೆ ಸುಮಾರು ೨೦,೦೦೦ ರೂಪಾಯಿ. ದಲ್ಲಾಳಿಯ ಪಾಲು ೫,೦೦೦. ವಯಸ್ಸನ್ನು ಹೆಚ್ಚಿಸಿ ಬರೆದ ಸುಳ್ಳು ಆಧಾರ್ ಚೀಟಿಯನ್ನು ತಯಾರಿಸಿಕೊಟ್ಟವನನ್ನೂ ಬಂಧಿಸಿದರು. ಹುಡುಗಿ ತಪ್ಪಿಸಿಕೊಂಡು ಸೇಲಂನ ಬಂಧುಗಳ ಮನೆ ಸೇರಿದುದರಿಂದ ಇದು ಹೊರಬಿದ್ದಿತೇ ಹೊರತು ಯಾವ ಕಛೇರಿಯ ತಪಾಸಣೆಯಿಂದಲೂ ಅಲ್ಲ. ಜುಲೈ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವರು ಹೆಸರಿಸಿದ ಆಸ್ಪತ್ರೆಗಳಲ್ಲಿ ಈರೋಡು, ಪೆರುಂದುರೈ, ತಿರುವನಂತಪುರ, ತಿರುಪತಿಗಳವುಗಳ ಜೊತೆಗೆ ನಮ್ಮ ಹೊಸೂರಿನದೂ ಒಂದಿದ್ದಿತು. ಮೊಕದ್ದಮೆ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಯಾರು ಎಷ್ಟರಮಟ್ಟಿಗೆ ತಪ್ಪಿತಸ್ಥರೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನಾನು ಕೇಳುವುದು ಇಷ್ಟು. ಎಂಟು ಸಲ ಆ ಮಗು ಮೇಜಿನ ಮೇಲೆ ಮಲಗಿರುವಾಗ ಅದರ ಮುಖವನ್ನು ನೋಡಿದ ಕಣ್ಣುಗಳೆಷ್ಟು? ನೋಡಿದ ಕಣ್ಣುಗಳೆಲ್ಲವೂ ಮುಖವನ್ನು ಬಿಟ್ಟು ಚೀಟಿಯನ್ನು ನಂಬಿದುದು ಹೇಗೆ? ಕಾಗದ ಕ್ರಮವಾಗಿದೆಯೆಂಬ ಒಂದು ಸಮಾಧಾನವೇ ಅದಕ್ಕೆ ಕಾರಣ. ನಮ್ಮ ಮಿತ್ರರು ಸಭೆಯಲ್ಲಿ ಕೊಟ್ಟ ಸಮಾಧಾನವೂ ಅದೇ.

ಅಂಡ ಕೊಡುವುದೆಂದರೇನೆಂಬುದನ್ನು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. ಗಂಡಸು ಬೀಜ ಕೊಡುವುದು ಕಾಲು ಗಂಟೆಯ ಕೆಲಸ. ಆದುದರಿಂದ ಹೆಣ್ಣಿನದೂ ಹಾಗೆಯೇ ಇರಬೇಕೆಂದು ಗಂಡಸರು ಊಹಿಸುವುದು ಸಹಜವೇ. ಹೆಣ್ಣಿನಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡ ಮಾಗುತ್ತದೆ. ಒಂದರಿಂದ ವ್ಯಾಪಾರ ಸಾಗದು. ಆದುದರಿಂದ ಹತ್ತು ಹನ್ನೆರಡು ದಿನ ಸೂಜಿಮದ್ದು ಚುಚ್ಚಿ, ಅನೇಕ ಅಂಡಗಳು ಒಮ್ಮೆಗೇ ಮಾಗುವಂತೆ ಅಂಡಾಶಯವನ್ನು ಪ್ರಚೋದಿಸುತ್ತಾರೆ; ಬಳಿಕ ಅರಿವಳಿಕೆ ಕೊಟ್ಟು, ಯೋನಿಯ ಮೂಲಕ ಉದ್ದನೆಯ ಸೂಜಿಯನ್ನು ಅಂಡಾಶಯಕ್ಕೆ ಇಳಿಸಿ ಹೀರಿ ತೆಗೆಯುತ್ತಾರೆ. ಪ್ರಚೋದನೆ ಅಳತೆ ಮೀರಿದರೆ ಅಂಡಾಶಯ ಊದಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ಹೆಪ್ಪುಗಟ್ಟಬಹುದು. ಬಹುಮಂದಿಗೆ ಹೀಗಾಗುವುದಿಲ್ಲ, ನಿಜ. ಡಾಕ್ಟರ ಎಚ್ಚರದಿಂದ ಅಪಾಯ ಕಡಮೆಯಾಗುತ್ತದೆ, ಅದೂ ನಿಜ. ಆದರೆ ೨೦೧೦ರಲ್ಲಿ ಮುಂಬಯಿಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳೂ, ೨೦೧೪ರಲ್ಲಿ ದಿಲ್ಲಿಯಲ್ಲಿ ಯುವತಿಯೊಬ್ಬಳೂ ಅಂಡ ಕೊಟ್ಟ ಬೆನ್ನಿಗೇ ಸತ್ತರು. ತನ್ನ ರೋಗ ಕಳೆದುಕೊಳ್ಳಲು ಈ ಅಪಾಯವನ್ನು ಹೊರುವುದು ಒಂದು. ಆರೋಗ್ಯವಾಗಿರುವ ಹೆಣ್ಣು ಇನ್ನೊಬ್ಬರಿಗಾಗಿ ಹೊರುವುದು ಇನ್ನೊಂದು. ಎರಡಕ್ಕೂ ಒಂದೇ ಬಗೆಯ ರುಜು ಸಾಲದು.

ಈ ಕೆಲಸಕ್ಕೆ ನಮ್ಮ ಭಾಷೆ ಕೊಟ್ಟಿರುವ ಹೆಸರಾದರೂ ಏನು? ಅಂಡದಾನ! ಪತ್ರಿಕೆಗಳಲ್ಲಿ ಹೀಗೆ, ಜಾಹೀರಾತಿನಲ್ಲಿ ಹೀಗೆ, ಸರಕಾರದ ಕಾಗದಗಳಲ್ಲಿಯೂ ಹೀಗೆಯೆ. ಭೂದಾನ, ಗೋದಾನ, ವಿದ್ಯಾದಾನ, ಅನ್ನದಾನ ಎಂದು ಹಿರಿಯರು ಪೂಜಿಸಿದ ಪದವನ್ನು ತಂದು ೨೦,೦೦೦ ರೂಪಾಯಿಯ ವ್ಯವಹಾರದ ಮೇಲೆ ಹೊದಿಸಿದ್ದೇವೆ. ಬೆಲೆ ನಿಗದಿಯಾದ ಮೇಲೆ ಅದು ಕ್ರಯ. ದಲ್ಲಾಳಿ ಬಂದ ಮೇಲೆ ಅದು ಸಂತೆ. ದಾನಕ್ಕೆ ದಲ್ಲಾಳಿ ಇದ್ದುದನ್ನು ಯಾವ ಪುರಾಣದಲ್ಲಿಯೂ ನಾನು ಓದಿಲ್ಲ. ಮೈಯನ್ನೇ ಕೊಯ್ದು ಕೊಟ್ಟ ದಾನಿಯೆಂದರೆ ನಮಗೆ ನೆನಪಾಗುವವನು ಕರ್ಣ. ಆತನ ಪ್ರಕರಣವನ್ನೇ ಕೊಂಚ ನೋಡಿ. ಬರುವವನು ಇಂದ್ರ, ಕೇಳುವುದು ಕವಚ ಕುಂಡಲ, ಕೊಟ್ಟರೆ ಆಯುಸ್ಸಿಗೆ ಕುಂದೆಂದು ಸೂರ್ಯನು ಕನಸಿನಲ್ಲಿ ಬಂದು ಮೊದಲೇ ಎಚ್ಚರಿಸಿದನು. ಎಲ್ಲವನ್ನೂ ಅರಿತು, ಬೇಡವೆನ್ನುವ ಶಕ್ತಿ ಇದ್ದೂ, ಕರ್ಣನು ಕೊಟ್ಟನು. ಸಮ್ಮತಿ ಎಂದರೆ ಅದು. ಈರೋಡಿನ ಹುಡುಗಿಯ ಕನಸಿನಲ್ಲಿ ಯಾವ ಸೂರ್ಯನೂ ಬರಲಿಲ್ಲ. ಆಕೆಯದು ಹೆಚ್ಚೆಂದರೆ ಕನ್ಯಾದಾನದ ಜಾತಿಗೆ ಸೇರಿದುದು: ಕೊಡುವವರು ಒಬ್ಬರು, ಕೊಡಲ್ಪಡುವವಳು ಇನ್ನೊಬ್ಬಳು.

ಇನ್ನು ಕೆಲವರು ಇದ್ದಾರೆ. ಇದೆಲ್ಲ ನಮ್ಮ ಪೂರ್ವಿಕರಿಗೆ ಗೊತ್ತಿದ್ದುದೇ ಎಂದು ಮೀಸೆ ತಿರುವುವವರು. ೨೦೧೯ರ ಜನವರಿಯಲ್ಲಿ ಜಲಂಧರದ ವಿಜ್ಞಾನ ಸಮ್ಮೇಳನದಲ್ಲಿ ವಿಶ್ವವಿದ್ಯಾನಿಲಯವೊಂದರ ಕುಲಪತಿಗಳೇ ಕೌರವರು ಪ್ರನಾಳ ಶಿಶುಗಳೆಂದು ಸಾರಿದರು. ತುಪ್ಪದ ಕೊಡಗಳ ಕಥೆ ಇರಲಿ. ಮಹಾಭಾರತದಲ್ಲಿ ಇದಕ್ಕೆ ನಿಜವಾಗಿ ಹೊಂದುವ ಕಥೆ ಬೇರೆ ಇದೆ, ಅದನ್ನು ಇವರಾರೂ ಹೇಳುವುದಿಲ್ಲ. ಗಾಲವನಿಗೆ ಗುರುದಕ್ಷಿಣೆಗಾಗಿ ಒಂದು ಕಿವಿ ಕಪ್ಪಾದ ಎಂಟುನೂರು ಬಿಳಿಯ ಕುದುರೆಗಳು ಬೇಕಾಗಿದ್ದುವು. ಯಯಾತಿಯ ಬಳಿ ಕುದುರೆ ಇರಲಿಲ್ಲ, ಮಗಳಿದ್ದಳು. ಮಾಧವಿಯನ್ನು ಕೊಟ್ಟನು. ಗಾಲವನು ಆಕೆಯನ್ನು ಕರೆದುಕೊಂಡು ಅಯೋಧ್ಯೆ, ಕಾಶಿ, ಭೋಜನಗರಗಳಿಗೆ ನಡೆದನು; ಒಬ್ಬೊಬ್ಬ ರಾಜನಿಗೂ ಒಂದೊಂದು ಗಂಡುಮಗುವನ್ನು ಹೆತ್ತುಕೊಡುವುದು, ಒಂದೊಂದು ಮಗುವಿಗೂ ಇನ್ನೂರು ಕುದುರೆ. ಉಳಿದ ಇನ್ನೂರಕ್ಕೆ ಬದಲಾಗಿ ಗುರು ವಿಶ್ವಾಮಿತ್ರನೇ ಆಕೆಯನ್ನು ಇಟ್ಟುಕೊಂಡು ನಾಲ್ಕನೆಯ ಮಗನನ್ನು ಪಡೆದನು. ಹೆತ್ತ ನಾಲ್ವರೂ ಆಕೆಯ ಮಡಿಲಲ್ಲಿ ಉಳಿಯಲಿಲ್ಲ. ಕೊನೆಗೆ ತಂದೆ ಸ್ವಯಂವರವನ್ನು ಏರ್ಪಡಿಸಿದಾಗ ಮಾಧವಿ ಯಾವ ರಾಜನನ್ನೂ ನೋಡದೆ ಕಾಡಿಗೆ ಹೋದಳು. ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆನ್ನುವವರು ಇದನ್ನೂ ಹೇಳಲಿ. ಗರ್ಭಕ್ಕೆ ಬಾಡಿಗೆ ಕಟ್ಟಿದ ಆ ವ್ಯವಹಾರದಲ್ಲಿ ಧರ್ಮಾತ್ಮರಿಗೆ ಕೊರತೆಯಿರಲಿಲ್ಲ: ದಾನಿಯಾದ ತಂದೆ, ಋಣ ತೀರಿಸುವ ಶಿಷ್ಯ, ಮಕ್ಕಳಿಲ್ಲದ ಅರಸರು, ಬ್ರಹ್ಮರ್ಷಿ. ಎಲ್ಲರೂ ಯೋಗ್ಯರೇ.

ಈಗ ನನ್ನ ಅನುಭವದ ಒಂದು ಪ್ರಸಂಗವನ್ನು ಹೇಳಬೇಕು. ಇದನ್ನು ಹೇಳಲು ಸಂಕೋಚವಾಗುತ್ತದೆ. ಏಕೆಂದರೆ ಇದರಲ್ಲಿ ನನ್ನ ವಾದಕ್ಕೇ ಪೆಟ್ಟು ಬೀಳುತ್ತದೆ.

೨೦೨೧ನೆಯ ಇಸವಿಯಲ್ಲಿ, ಹೊಸ ಕಾಯಿದೆಗಳು ಬರುವುದಕ್ಕೆ ಮೊದಲು, ತಳಿಯ ಕಡೆಯ ಹೆಂಗಸೊಬ್ಬಳು ನಮ್ಮ ಮನೆಗೆ ಬಂದಳು. ಗುಲಾಬಿ ತೋಟದಲ್ಲಿ ಹೂ ಕೊಯ್ಯುವ ಕೂಲಿ, ಮನೆಮಾತು ಕನ್ನಡ, ಓದು ಐದನೆಯ ತರಗತಿ, ಅದೂ ಎಂದೋ. ಕೈಯಲ್ಲಿ ನಾಲ್ಕು ಪುಟದ ಇಂಗ್ಲಿಷ್ ಕಾಗದ. "ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ ನೋಡಿ, ರುಜು ಹಾಕಬೇಕಂತೆ" ಎಂದಳು. ನೋಡಿದರೆ ಅಂಡ ಕೊಡುವುದಕ್ಕೆ ಸಮ್ಮತಿಪತ್ರ. ನಡುವಣ ಹೆಂಗಸು ಆಕೆಗೆ ಏನು ಹೇಳಿದ್ದಳು ಗೊತ್ತೆ? "ತಿಂಗಳು ತಿಂಗಳು ಸುಮ್ಮನೆ ಹೋಗುವುದು ಹೇಗೂ ಹೋಗುತ್ತದೆ, ಅದನ್ನೇ ಅವರು ತೆಗೆದುಕೊಳ್ಳುತ್ತಾರೆ." ಅಷ್ಟೆ. ಆ ಕಾಗದದಲ್ಲಿ ಸೂಜಿಮದ್ದಿನ ವಿಷಯವಿತ್ತು, ಅರಿವಳಿಕೆಯ ವಿಷಯವಿತ್ತು, ಅಂಡಾಶಯ ಊದಿಕೊಳ್ಳಬಹುದೆಂದೂ ಇತ್ತು. ಕಾಗದ ಬರೆದವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಆಕೆಗೆ ತಿಳಿಯದ ಭಾಷೆಯಲ್ಲಿ ಎಲ್ಲವನ್ನೂ ಪ್ರಾಮಾಣಿಕವಾಗಿ ಹೇಳಿದ್ದನು. ಹಿಂದೊಮ್ಮೆ ಇಂತಹುದೇ ಕಾಗದಕ್ಕೆ ಓದಿಸದೆಯೇ ರುಜು ಹಾಕಿದ್ದಳಂತೆ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ.

ನಾನು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದೆ. 'ಡೋನರ್' ಎಂದಿದ್ದಲ್ಲೆಲ್ಲ ದಾನಿ, ದಾನಿ ಎಂದು ಓದಿದೆ. ಮೂರನೆಯ ಸಲ ದಾನಿ ಎಂದಾಗ ಆಕೆ ಸೆರಗನ್ನು ಬಾಯಿಗೆ ಅಡ್ಡವಿಟ್ಟು ನಕ್ಕಳು. "ನಾನು ದಾನಿಯೇ? ವಾರಕ್ಕೊಮ್ಮೆ ಗುಂಪಿನ ಸಾಲ ಕಟ್ಟುವವಳು ದಾನ ಕೊಡುವುದುಂಟೆ?" ಎಂದಳು. ನಾಲ್ಕು ಪುಟವನ್ನೂ ಮುಗಿಸಿದೆ. ಅಪಾಯವನ್ನು ನಾನಾಗಿ ಎರಡು ಸಲ ಹೇಳಿದೆ. ಆಕೆ ಮಧ್ಯೆ ಮಧ್ಯೆ ಕೇಳಿದ ಪ್ರಶ್ನೆಗಳು ಪಟ್ಟಣದಲ್ಲಿ ಓದಿದವರು ಕೇಳುವ ಪ್ರಶ್ನೆಗಳಿಗಿಂತ ಹರಿತವಾಗಿದ್ದುವು: ನೋವಾದರೆ ಎಷ್ಟು ದಿನದ ಕೂಲಿ ಹೋಗುತ್ತದೆ, ಆಸ್ಪತ್ರೆ ಸೇರಬೇಕಾದರೆ ಖರ್ಚು ಯಾರದು, ಮುಂದೆ ಮಗು ಬೇಕೆಂದರೆ ತನಗೆ ಆಗುವುದೋ ಇಲ್ಲವೋ. ಎರಡನೆಯದಕ್ಕೆ ಕಾಗದದಲ್ಲಿ ಉತ್ತರವಿರಲಿಲ್ಲ. ಕಾಗದವನ್ನು ಮಡಿಚಿ ಕುಪ್ಪಸದಲ್ಲಿ ಇಟ್ಟುಕೊಂಡು ಹೋದಳು. ಮುಂದಿನ ವಾರ ಸಂತೆಯಲ್ಲಿ ಸಿಕ್ಕಾಗ ಕೇಳಿದೆ. ರುಜು ಹಾಕಿದ್ದಳು. "ಗುರುವಾರ ಕಂತು ಇತ್ತು ಮೇಷ್ಟ್ರೇ" ಎಂದಳು.

ಇಲ್ಲಿಯೇ ನನ್ನ ವಾದಕ್ಕೆ ಪೆಟ್ಟು ಬಿದ್ದುದು. ತಿಳಿಯುವ ಭಾಷೆಯಲ್ಲಿ ತಿಳಿಸಿದರೆ ಸಾಕು, ಬೇಡವೆನ್ನಬೇಕಾದುದನ್ನು ಜನ ಬೇಡವೆನ್ನುತ್ತಾರೆಂದು ಅಲ್ಲಿಯವರೆಗೆ ನಾನು ನಂಬಿದ್ದೆ. ಪಾಠ ಹೇಳಿ ಬದುಕಿದವನ ನಂಬಿಕೆ ಅದು. ಆಕೆಗೆ ಎಲ್ಲವೂ ತಿಳಿದಿತ್ತು. ಬೇಡವೆನ್ನುವ ಶಕ್ತಿ ಇರಲಿಲ್ಲ. ಹಾಗೆಂದು ಭಾಷೆಯ ಮಾತು ವ್ಯರ್ಥವಾಯಿತೆಂದು ನಾನು ಒಪ್ಪಲಾರೆ. ಮೊದಲನೆಯ ಸಲ ಆಕೆ ಕುರುಡಿಯಾಗಿ ಬಾವಿಗೆ ಇಳಿದಿದ್ದಳು. ಎರಡನೆಯ ಸಲ ಕಣ್ಣು ತೆರೆದು ಇಳಿದಳು. ಕಣ್ಣು ತೆರೆಸುವುದು ನಮ್ಮಂತಹವರಿಂದ ಆಗಬಹುದಾದ ಕೆಲಸ, ಅದನ್ನೂ ಮಾಡಿಲ್ಲ. ಬಾವಿಗೆ ಅಟ್ಟುವುದು ಯಾವುದೋ, ಅದನ್ನು ಕುರಿತು ಸಮ್ಮತಿಪತ್ರ ಒಂದಕ್ಷರವನ್ನೂ ಹೇಳುವುದಿಲ್ಲ.

ಕಾಯಿದೆ ಏನೂ ಹೇಳಿಲ್ಲವೆಂದು ತಿಳಿಯಬಾರದು. ೨೦೨೨ನೆಯ ಇಸವಿ ಜನವರಿ ೨೫ರಿಂದ ಎರಡು ಕಾಯಿದೆಗಳು ಜಾರಿಯಲ್ಲಿವೆ. ಅಂಡ ಕೊಡುವವಳಿಗೆ ೨೩ರಿಂದ ೩೫ ವರ್ಷವಾಗಿರತಕ್ಕದ್ದು. ಜೀವಮಾನದಲ್ಲಿ ಒಂದೇ ಸಲ ಕೊಡತಕ್ಕದ್ದು. ಏಳಕ್ಕಿಂತ ಹೆಚ್ಚು ಅಂಡ ತೆಗೆಯಕೂಡದು. ಹನ್ನೆರಡು ತಿಂಗಳ ವಿಮೆಯನ್ನು ಮಗು ಬಯಸುವ ದಂಪತಿಗಳು ಮಾಡಿಸಿಕೊಡತಕ್ಕದ್ದು. ನಮ್ಮ ಗುಲಾಬಿ ತೋಟದವಳ ಎರಡನೆಯ ಪ್ರಶ್ನೆಗೆ ಹೀಗೆ ಒಂದು ಉತ್ತರ ಸಿಕ್ಕಿತು. ಬಾಡಿಗೆ ತಾಯಿಯ ಕಾಯಿದೆ ಇನ್ನೂ ಮುಂದೆ ಹೋಗಿ, ಬಾಡಿಗೆಯನ್ನೇ ನಿಷೇಧಿಸಿ, ವಿಮೆ ವೈದ್ಯವೆಚ್ಚಗಳ ಹೊರತು ಕಾಸು ಪಡೆಯದೆ ಪರೋಪಕಾರಕ್ಕಾಗಿ ಮಾತ್ರ ಹೆರಬಹುದೆಂದು ವಿಧಿಸಿದೆ. ಅದರ ಆರನೆಯ ಪ್ರಕರಣವನ್ನು ನಮ್ಮ ಸಂಘದವರು ಬಾಯಿಪಾಠ ಮಾಡಬೇಕು: ಮುಂದಾಗಬಹುದಾದ ತೊಂದರೆಗಳನ್ನೆಲ್ಲ ಆಕೆಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಬರವಣಿಗೆಯ ಸಮ್ಮತಿಯನ್ನು ಪಡೆಯಬೇಕೆಂದು ಅದು ಹೇಳುತ್ತದೆ. ಆಕೆಗೆ ತಿಳಿಯುವ ಭಾಷೆ! ೧೯೫೬ರಲ್ಲಿ ಗಡಿ ಗುರುತಿಸಿದವರು ಹೊಸೂರನ್ನು ಈ ಕಡೆಗೆ ಉಳಿಸಿದಾಗಿನಿಂದ ನಾವು ಕೇಳುತ್ತ ಬಂದುದು ಇದನ್ನಲ್ಲದೆ ಮತ್ತೇನನ್ನು? ಶಾಲೆಯಲ್ಲಿ ಕೇಳಿದೆವು, ಫಲಕದಲ್ಲಿ ಕೇಳಿದೆವು, ಅರ್ಜಿ ನಮೂನೆಯಲ್ಲಿ ಕೇಳಿದೆವು. ಶಸ್ತ್ರಕ್ರಿಯೆಯ ಮೇಜಿನ ಬಳಿ ಮಾತ್ರ ಕೇಳಲಿಲ್ಲ. ತಳಿ, ಅಂಚೆಟ್ಟಿ, ಕೆಲಮಂಗಲ, ಬಾಗಲೂರುಗಳ ಹೆಂಗಸರು ಕನ್ನಡ, ತೆಲುಗು, ತಮಿಳುಗಳಲ್ಲಿ ಬೇನೆ ಹೇಳಿಕೊಳ್ಳುತ್ತಾರೆ. ರುಜು ಮಾತ್ರ ಇಂಗ್ಲಿಷಿಗೆ.

ಓದು ಬಾರದವರ ಪಾಡು ಇದು, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಎನ್ನುವವರಿಗೆ ಎರಡು ಮಾತು. ೧೯೫೧ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಂಗಸಿನ ಗಡ್ಡೆಯಿಂದ ಆಕೆಗೆ ತಿಳಿಸದೆಯೇ ಜೀವಕಣಗಳನ್ನು ತೆಗೆದರು. ಆಕೆ ಅದೇ ವರ್ಷ ಸತ್ತಳು. ಕಣಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ, ಅವುಗಳಿಂದ ಲೋಕಕ್ಕೆ ಆದ ಉಪಕಾರವೂ ದೊಡ್ಡದು. ಮನೆಯವರಿಗೆ ಸಂಗತಿ ತಿಳಿದುದು ಇಪ್ಪತ್ತು ವರ್ಷಗಳಿಗೂ ಮಿಕ್ಕ ಮೇಲೆ; ಲಾಭಪಡೆದ ಕಂಪೆನಿಯೊಂದು ಅವರೊಡನೆ ರಾಜಿಯಾದುದು ೨೦೨೩ರಲ್ಲಿ. ಚೀನದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ೨೦೧೮ರಲ್ಲಿ ಭ್ರೂಣದ ವಂಶವಾಹಿಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದನಷ್ಟೆ. ಅವನೂ ಸಮ್ಮತಿಪತ್ರ ಪಡೆದಿದ್ದನು. ಆ ಪತ್ರದಲ್ಲಿ ಇದನ್ನು ಏಡ್ಸ್ ರೋಗದ ಲಸಿಕೆಯ ಯೋಜನೆಯೆಂದು ಬರೆದಿತ್ತು! ಮಾರನೆಯ ವರ್ಷ ಅಲ್ಲಿನ ನ್ಯಾಯಾಲಯ ಅವನಿಗೆ ಮೂರು ವರ್ಷದ ಸೆರೆ ವಿಧಿಸಿತು. ನಮ್ಮ ಸಭೆಯಲ್ಲಿ ಭಯಪಟ್ಟ ಮಹನೀಯರು ಬೀಜ ತಿದ್ದುವ ಕತ್ತರಿಗೆ ಭಯಪಟ್ಟರು. ಕತ್ತರಿಗಿಂತ ಮೊದಲು ಆ ಕಾಗದಕ್ಕೆ ಭಯಪಡುವುದು ಒಳಿತು.

ಯಂತ್ರ ಬಂದು ಇಳಿಯುವ ನೆಲ ಎಂತಹುದೆಂಬುದನ್ನೂ ನೋಡಬೇಕು. ಸ್ಕ್ಯಾನಿಂಗ್ ಯಂತ್ರ ಎಷ್ಟು ತಾಯಂದಿರನ್ನು ಉಳಿಸಿತೋ ಲೆಕ್ಕವಿಲ್ಲ. ಅದೇ ಯಂತ್ರ ನಮ್ಮ ನೆಲಕ್ಕೆ ಬಂದಾಗ ಏನಾಯಿತು? ಹೆಣ್ಣುಕೂಸನ್ನು ಹುಟ್ಟಿದ ಮೇಲೆ ಕೊಲ್ಲುವ ಪಾಪ ಈ ಪ್ರಾಂತದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂದರೆ, ೧೯೯೨ರಲ್ಲಿ ಸರಕಾರ ಸೇಲಂ ಜಿಲ್ಲೆಯಲ್ಲಿ ತೊಟ್ಟಿಲುಗಳನ್ನಿರಿಸಿ, ಬೇಡವಾದ ಕೂಸನ್ನು ಇಲ್ಲಿ ಬಿಟ್ಟುಹೋಗಿ, ಕೊಲ್ಲಬೇಡಿ ಎಂದು ಬೇಡಬೇಕಾಯಿತು. ೨೦೦೧ರಲ್ಲಿ ಆ ತೊಟ್ಟಿಲು ಧರ್ಮಪುರಿಗೂ ಬಂದಿತು. ಆ ವರ್ಷದ ಜನಗಣತಿಯಲ್ಲಿ ಧರ್ಮಪುರಿ ಜಿಲ್ಲೆಯ ಆರು ವರ್ಷದವರೆಗಿನ ಮಕ್ಕಳಲ್ಲಿ ಗಂಡಿಗಿಂತ ಹೆಣ್ಣು ಬಹಳ ಕಡಮೆ. ಕೃಷ್ಣಗಿರಿ ಹೊಸೂರುಗಳು ಆಗ ಆ ಜಿಲ್ಲೆಯೊಳಗೇ ಇದ್ದುವೆಂಬುದನ್ನು ಮರೆತು ಧರ್ಮಪುರಿಯವರನ್ನು ಹಳಿಯುವುದು ಬೇಡ. ೨೦೦೪ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು. ೨೦೧೧ರ ಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಆ ವಯಸ್ಸಿನ ಗಂಡುಮಕ್ಕಳು ೧,೧೨,೮೩೨, ಹೆಣ್ಣುಮಕ್ಕಳು ೧,೦೪,೪೯೧, ಸಾವಿರಕ್ಕೆ ೯೨೬. ಸ್ಥಿತಿ ಉತ್ತಮಗೊಂಡಿತು, ಸಂತೋಷ. ಆದರೆ ಪ್ರಕೃತಿ ತನ್ನಷ್ಟಕ್ಕೆ ಸಾವಿರಕ್ಕೆ ಸುಮಾರು ೯೫೦ರಂತೆ ಕೊಡುತ್ತದೆಯೆಂದು ಹಿಡಿದರೂ, ಸುಮಾರು ೨,೭೦೦ ಹೆಣ್ಣುಮಕ್ಕಳು ನಮ್ಮ ಒಂದೇ ಜಿಲ್ಲೆಯ ಲೆಕ್ಕದಲ್ಲಿ ಕಡಮೆ ಬೀಳುತ್ತಾರೆ. ಒಂದು ಸಣ್ಣ ಊರಿನಷ್ಟು ಜನ.

ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ ೧೯೯೪ರಲ್ಲೇ ಆಗಿದೆ. ಆದರೂ ೨೦೨೩ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯ ಪೊಲೀಸರು ಭೇದಿಸಿದ ಜಾಲ ಎಲ್ಲಿಗೆ ಕೊಂಡೊಯ್ದಿತು? ಮಂಡ್ಯದ ಆಲೆಮನೆಗೆ! ಕಬ್ಬಿನ ಗದ್ದೆಯ ನಡುವೆ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ. ಮೈಸೂರಿನ ಆಸ್ಪತ್ರೆ, ಮದರಾಸಿನ ಡಾಕ್ಟರು, ನಡುವೆ ದಲ್ಲಾಳಿಗಳು. ಮೂರು ವರ್ಷಗಳಲ್ಲಿ ಸುಮಾರು ೯೦೦ ಗರ್ಭಪಾತಗಳಾಗಿರಬೇಕೆಂದು ಪೊಲೀಸರು ಹೇಳಿದರು. ಬೆಲ್ಲದ ಸೀಮೆಯೆಂದು ಹಾಡಿ ಹೊಗಳಿಸಿಕೊಂಡ ನಾಡಿನಲ್ಲಿ ಇದು ನಡೆಯಿತು. ನಡೆಸಿದವರಿಗೆ ಗಡಿ ಅಡ್ಡ ಬರಲಿಲ್ಲ. ಜೂಜುವಾಡಿಯ ಆಚೆ ಒಂದು ರಾಜ್ಯ, ಈಚೆ ಒಂದು ರಾಜ್ಯ ಎಂದು ನಾವು ಭಾಷೆಗಾಗಿ ಕಾದಾಡುವಾಗ ಈ ವ್ಯಾಪಾರ ಎರಡೂ ಕಡೆಯ ಬಸ್ಸು ಹತ್ತುತ್ತದೆ. ಈಗ ನಮ್ಮ ಮಿತ್ರರನ್ನು ಕೇಳುತ್ತೇನೆ: ಆಲೆಮನೆಗೆ ಬಂದ ಹೆಂಗಸರನ್ನು ಹಗ್ಗ ಕಟ್ಟಿ ಎಳೆತಂದರೆ? ಹೆಚ್ಚಿನವರು ತಾವಾಗಿಯೇ ನಡೆದು ಬಂದಿರಬೇಕು. ಅತ್ತೆಯ ಮಾತು, ಗಂಡನ ಮೌನ, ಎರಡು ಹೆಣ್ಣು ಆದ ಮೇಲೆ ಮೂರನೆಯದಕ್ಕೆ ಕೊಡಬೇಕಾದ ವರದಕ್ಷಿಣೆ. ಇಷ್ಟೂ ಸೇರಿ ಆಕೆಯ ಬಾಯಿಂದ ಹೂಂ ಎನ್ನಿಸಿತು. ಅದನ್ನೂ ಸಮ್ಮತಿಯೆಂದೇ ಬರೆದುಕೊಳ್ಳೋಣವೆ? ಒಬ್ಬಳ ಅಂಡವನ್ನು ಸಾಲ ಮಾರಿಸುತ್ತದೆ, ಇನ್ನೊಬ್ಬಳ ಭ್ರೂಣವನ್ನು ವರದಕ್ಷಿಣೆ ಕೀಳಿಸುತ್ತದೆ. ಎರಡೂ ಕಡೆ ಡಾಕ್ಟರಿಗೆ ಸಿಕ್ಕುವುದು ಒಂದೇ ಬಗೆಯ ಹೂಂ.

ಬೆಲೆಯನ್ನು ಕಾಯಿದೆ ನಿಷೇಧಿಸಿತಲ್ಲ, ಇನ್ನೇಕೆ ಗೊಣಗುವುದು ಎಂಬ ಮಾತಿಗೆ ಮೂತ್ರಪಿಂಡದ ಕಥೆಯೇ ಉತ್ತರ. ೧೯೯೪ರ ಕಾಯಿದೆ ಮೂತ್ರಪಿಂಡದ ಮಾರಾಟವನ್ನು ನಿಷೇಧಿಸಿ, ಬಂಧುಗಳಲ್ಲದವರು ವಾತ್ಸಲ್ಯದಿಂದ ಕೊಡಬಹುದೆಂದು ಬಾಗಿಲನ್ನು ಒಂದಿಷ್ಟು ತೆರೆದಿಟ್ಟಿತು. ಆ ಸಂದಿನಿಂದ ಎಷ್ಟು ವಾತ್ಸಲ್ಯ ಹರಿದುಬಂದಿತೆಂಬುದನ್ನು ೨೦೨೫ರಲ್ಲಿ ನಾಮಕ್ಕಲ್ ಜಿಲ್ಲೆಯ ಪಳ್ಳಿಪಾಳ್ಯದ ವಿದ್ಯುನ್ಮಗ್ಗದ ಕೂಲಿಗಳ ಪ್ರಕರಣದಲ್ಲಿ ಓದಿದೆವು. ಸಾಲದಲ್ಲಿ ಮುಳುಗಿದ ನೇಕಾರನಿಗೆ ಎಂದೂ ಕಾಣದ ಶ್ರೀಮಂತನ ಮೇಲೆ ಹಠಾತ್ತಾಗಿ ವಾತ್ಸಲ್ಯ ಹುಟ್ಟುತ್ತದೆ! ನಿಷೇಧ ಬೇಡವೆಂದು ನಾನು ಹೇಳುತ್ತಿಲ್ಲ; ನಿಷೇಧವಿಲ್ಲದಿದ್ದರೆ ಇನ್ನೂ ಕೇಡು. ಆದರೆ ಸಾಲವನ್ನು ಇದ್ದಂತೆಯೇ ಬಿಟ್ಟು ಬೆಲೆಯನ್ನು ಮಾತ್ರ ನಿಷೇಧಿಸಿದಾಗ ವ್ಯಾಪಾರ ನಿಲ್ಲುವುದಿಲ್ಲ, ಅದಕ್ಕೆ ದಾನ, ವಾತ್ಸಲ್ಯ, ಪರೋಪಕಾರಗಳೆಂಬ ಹೊಸ ವೇಷ ಬರುತ್ತದೆ. ಆ ವೇಷವನ್ನು ಹೊಲಿದುಕೊಡುವವರು ಭಾಷೆಯವರು, ಎಂದರೆ ನಾವು. ಬಾಡಿಗೆ ತಾಯಿ ಎಂಬ ಪದವಾದರೂ ಒರಟಾಗಿದ್ದರೂ ಸತ್ಯವನ್ನು ನುಡಿಯುತ್ತದೆ. ಅಂಡದಾನಿ ಎಂಬುದು ನಯವಾದ ಸುಳ್ಳು.

ಮೂರನೆಯವರಾದ ನಮಗೇನು ಕೆಲಸವೆಂದು ಮಿತ್ರರು ಕೇಳಿದರು. ನಮ್ಮ ಸಂಘ ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತದೆ, ಎರಡು ನಾಟಕ ಆಡಿಸುತ್ತದೆ, ಕವಿಗೋಷ್ಠಿಯಲ್ಲಿ ತಾಯಿನುಡಿಯನ್ನು ಕುರಿತು ಇಪ್ಪತ್ತು ಪದ್ಯಗಳನ್ನು ಓದಿಸುತ್ತದೆ. ತಾಯಾಗುವವಳ ಕೈಗೆ ಕೊಡುವ ನಾಲ್ಕು ಪುಟವನ್ನು ತಾಯಿನುಡಿಗೆ ತರಲು ಯಾವ ಕವಿಯೂ ಮುಂದೆ ಬಂದಿಲ್ಲ. ಅಂತಹ ಕೆಲಸವೊಂದಿದೆಯೆಂದು ನಾನೂ ಆ ಹೆಂಗಸು ಮನೆಗೆ ಬರುವವರೆಗೆ ಅರಿತಿರಲಿಲ್ಲ. ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಬಳಸುವ ಸಮ್ಮತಿಪತ್ರಗಳನ್ನು ಕೇಳಿ ಪಡೆದು, ಕನ್ನಡ ತೆಲುಗು ತಮಿಳು ಮೂರರಲ್ಲಿಯೂ ತಿಳಿಯಾಗಿ ಬರೆದು, ಡಾಕ್ಟರೊಬ್ಬರಿಂದ ತಿದ್ದಿಸಿ, ಜಿಲ್ಲೆಯ ಅಧಿಕಾರಿಗಳ ಮುಂದಿಡೋಣವೆಂದು ಸೂಚಿಸುತ್ತೇನೆ. ತೆಲುಗು ತಮಿಳಿನ ಸಂಘಗಳನ್ನೂ ಕರೆಯೋಣ. ಈ ಒಂದು ವಿಷಯದಲ್ಲಾದರೂ ಜಗಳವಾಡಲು ಕಾರಣವಿಲ್ಲ. ಅದರ ಕೊನೆಯಲ್ಲಿ ನಮ್ಮದೇ ಒಂದು ಪ್ರಶ್ನೆಯನ್ನು ಸೇರಿಸಬೇಕೆಂಬುದು ನನ್ನ ಹಟ: ತೀರಿಸಬೇಕಾದ ಸಾಲವೇನಾದರೂ ಈಕೆಗೆ ಉಂಟೆ, ಉಂಟಾದರೆ ಯಾರಿಗೆ, ಕಂತು ಎಂದು? ಉತ್ತರ ಉಂಟೆಂದಿದ್ದರೆ ರುಜುವನ್ನು ಪಡೆಯಕೂಡದು. ಇದು ಕಾಯಿದೆಯಲ್ಲಿಲ್ಲವೆಂದು ವಕೀಲ ಮಿತ್ರರು ನಗಬಹುದು. ಸರಕಾರಕ್ಕೆ ಅರ್ಜಿ ಬರೆಯುವುದು ನಮಗೇನು ಹೊಸತೆ?

ಆ ನಾಲ್ಕು ಪುಟಗಳ ಅನುವಾದವನ್ನು ನಾನು ತೊಡಗಿದ್ದೇನೆ. ಮೂರು ಪುಟ ಮುಗಿದಿದೆ. 'ಡೋನರ್' ಎಂದಿರುವ ಕಡೆಗಳಲ್ಲೆಲ್ಲ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ದಾನಿ ಎಂದು ಬರೆಯಲು ಕೈ ಬರುವುದಿಲ್ಲ, ಬೇರೆ ಪದ ತೋಚುತ್ತಿಲ್ಲ. ಮುಂದಿನ ಸಭೆಗೆ ಕಾಗದವನ್ನು ತರುತ್ತೇನೆ. ಮಿತ್ರರು ಬರಬೇಕು.